ಬಂದೂಕಿನ ಲೈಸೆನ್ಸಿಗೆ ಎರಡು ಸಹಿ

ಹದಿನೈದು ವರ್ಷ ಸರಕಾರವೇ ನನ್ನ ಕೈಗೆ ಬಂದೂಕು ಕೊಟ್ಟು ಗಡಿಯಲ್ಲಿ ನಿಲ್ಲಿಸಿತ್ತು. ಪಿಂಚಣಿ ಪಡೆದು ಊರಿಗೆ ಬಂದು ನಾನೊಂದು ಬಂದೂಕಿನ ಲೈಸೆನ್ಸ್ ಕೇಳಿದಾಗ ಅದೇ ಸರಕಾರ, ‘ತಡಿ, ನೀನು ಎಂಥ ಮನುಷ್ಯ ಅಂತ ನಿನ್ನ ನೆರೆಮನೆಯವರನ್ನು ಕೇಳಿ ಹೇಳುತ್ತೇವೆ’ ಎಂದಿತು. ಕೇಳಬೇಡಿ ಎನ್ನುವವನಲ್ಲ ನಾನು. ಬಂದೂಕು ಯಾರ ಕೈಗೆ ಹೋಗುತ್ತದೆ ಎಂದು ನೋಡಲೇಬೇಕು. ಆದರೆ ಎದುರುಮನೆಯ ಕಟ್ಟೆಯ ಮೇಲೆ ಕೂತು ಒಂದು ಮಾತು ಕೇಳಲಿಕ್ಕೆ ವರ್ಷ ಬೇಕೇ? ಇವತ್ತಿಗೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಸರಕಾರದ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಮಾತ್ರ ಈಗ ಸ್ವಲ್ಪ ತಿಳಿದಿದೆ.

ಎಂಬತ್ತರ ದಶಕದ ಕೊನೆಯ ಮಾತು ಇದು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮೂರು ಬ್ಯಾಡಗಿ ತಾಲೂಕಿನದು, ಮೋಟೆಬೆನ್ನೂರಿನಲ್ಲಿ ಬಸ್ಸಿಳಿದರೆ ನಡೆದು ಮುಟ್ಟುವಷ್ಟು ದೂರ. ನಾನು ಸೈನ್ಯದಲ್ಲಿದ್ದಾಗಲೇ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಆಮೇಲೆ ಹೆಂಡತಿಯೂ ಜ್ವರದಲ್ಲಿ ಹೋದಳು. ತಂತಿ ನನ್ನ ಕೈಗೆ ಸಿಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆಗ ನಾಲ್ಕು ವರ್ಷದವಳಿದ್ದ ಮಗಳನ್ನು ಅತ್ತೆ ಗುತ್ತಲಕ್ಕೆ ಕರೆದುಕೊಂಡು ಹೋಗಿ ಸಾಕಿದರು. ನಾನು ಊರಿಗೆ ಮರಳಿದಾಗ ಅವಳಿಗೆ ಒಂಬತ್ತು ತುಂಬಿತ್ತು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವ ಅಪ್ಪನನ್ನು ಅವಳು ಬಾಗಿಲ ಸಂದಿಯಿಂದಲೇ ನೋಡಿದ್ದು ಹೆಚ್ಚು.

ಅವಳನ್ನು ಮನೆಗೆ ಕರೆತರಬೇಕು. ನನಗಿದ್ದದ್ದು ಇದೊಂದೇ ಆಸೆ. ಅತ್ತೆ ನೇರ ಮಾತಿನವರು. “ನಾ ಬ್ಯಾಡ ಅನ್ನಂಗಿಲ್ಲ. ಮೊದಲ ಒಂದ ಕಡೆ ನೌಕರಿ ಹಿಡದು ನೆಲಿ ನಿಲ್ರಿ. ನೀವು ಇನ್ನೂ ಟ್ರಂಕ ಸೈತ ಬಿಚ್ಚಿಲ್ಲ, ಹೆಣ್ಣ ಹುಡುಗೀನ ಎಲ್ಲಿ ಇಟ್ಗೊಂತೀರಿ?” ಎಂದರು. ಮಾತು ಖಾರವಾಗಿತ್ತು, ತಪ್ಪಿರಲಿಲ್ಲ.

ಬ್ಯಾಡಗಿಯ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಕಾವಲುಗಾರನ ಜಾಗ ಖಾಲಿ ಇತ್ತು. ಮಾಜಿ ಸೈನಿಕನೇ ಬೇಕಿತ್ತು ಅವರಿಗೆ. ಒಂದೇ ಶರ್ತು: ಬಂದೂಕು ಸ್ವಂತದ್ದಿರಬೇಕು, ಲೈಸೆನ್ಸ್ ಅವನ ಹೆಸರಿನಲ್ಲೇ ಇರಬೇಕು. ಅಲ್ಲಿನ ಕಾರ್ಯದರ್ಶಿ, “ದೀಪಾವಳಿ ತನಕ ಜಾಗಾ ಹಿಡದಿರ್ತೇವಿ. ಮೆಣಸಿನಕಾಯಿ ಪ್ಯಾಟಿ ಜೋರ ಆತಂದ್ರ ಆಮ್ಯಾಲೆ ನಮಗ ತಡಿಯಾಕ ಆಗಂಗಿಲ್ರಿ” ಎಂದ. ದೀಪಾವಳಿಗೆ ಎಂಟು ತಿಂಗಳಿದ್ದವು. ಎಂಟು ತಿಂಗಳಲ್ಲಿ ಒಂದು ಯುದ್ಧ ಗೆದ್ದು ಬರಬಹುದು ಎಂದುಕೊಂಡು ನಕ್ಕೆ. ರಾಣೆಬೆನ್ನೂರಿನಲ್ಲಿ ಒಬ್ಬ ಹಿರಿಯರು ತಮ್ಮ ಹಳೆಯ ಜೋಡುನಳಿಗೆ ಬಂದೂಕನ್ನು ಕೊಡಲು ಒಪ್ಪಿದರು. ನನ್ನ ಲೈಸೆನ್ಸ್ ಬರುವತನಕ ಎಣ್ಣೆ ಹಚ್ಚಿ ಇಟ್ಟಿರುತ್ತೇನೆ ಎಂದರು. ನಾನು ಅರ್ಜಿ ಹಾಕಿದೆ.

ಅರ್ಜಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ಹಾವೇರಿಗೆ ಬಂದು, ಹಾವೇರಿಯಿಂದ ಬ್ಯಾಡಗಿ ಠಾಣೆಗೆ ಇಳಿಯಬೇಕಿತ್ತು. ಕೊನೆಗೆ ಒಬ್ಬ ಪೊಲೀಸ ನಮ್ಮೂರಿಗೆ ಬಂದು, ಅಕ್ಕಪಕ್ಕದವರನ್ನು ವಿಚಾರಿಸಿ, ಇಬ್ಬರ ಸಹಿ ತೆಗೆದುಕೊಂಡು ಹೋಗಬೇಕು. ಸೈನ್ಯಕ್ಕೆ ಸೇರುವಾಗಲೂ ಇಂಥದ್ದೇ ಒಂದು ವಿಚಾರಣೆ ಆಗಿತ್ತು. ಆಗ ಅಪ್ಪ ಇದ್ದ. ಬಂದ ಪೊಲೀಸನನ್ನು ಕಟ್ಟೆಯ ಮೇಲೆ ಕೂರಿಸಿ ಓಣಿಯವರನ್ನೆಲ್ಲ ಕೂಗಿ ಕರೆದಿದ್ದ. ಒಂದು ಕಪ್ಪು ಚಹಾ ಕುಡಿಯುವಷ್ಟರಲ್ಲಿ ನಾನು ಸಂಭಾವಿತ ಎಂದು ಸಾಬೀತಾಗಿಬಿಟ್ಟಿತ್ತು.

ಈಗ ಹಾಗೆ ಕೂಗುವವರು ಯಾರೂ ಇರಲಿಲ್ಲ. ನಾನಾದರೂ ಕೂಗಬಹುದಿತ್ತು, ಬಾಯಿ ಬಿಡಲಿಲ್ಲ. ಕೆಲಸ ಕೈಗೆ ಬರುವ ಮೊದಲು ಡಂಗುರ ಸಾರುವುದು ನನಗೆ ಆಗದು. ಬಂದೂಕಿನ ಮಾತಾಗಲಿ ಬ್ಯಾಂಕಿನ ಮಾತಾಗಲಿ ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಪೊಲೀಸ ಬಂದಾಗ ತಪ್ಪಬಾರದು ಎಂದು ದಿನವೆಲ್ಲ ಮನೆಯಲ್ಲೇ ಕೂರುತ್ತಿದ್ದೆ. ಸಕ್ಕರೆ, ಚಹಾಪುಡಿ ತಂದಿಟ್ಟಿದ್ದೆ. ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂತರೆ ಮಧ್ಯಾಹ್ನವಾಗುತ್ತಿತ್ತು, ಸಂಜೆಯಾಗುತ್ತಿತ್ತು. ಗಡಿಯಲ್ಲಿ ಕಾವಲಿದ್ದಾಗಲೂ ಜೊತೆಗೆ ಇನ್ನೊಬ್ಬ ಇರುತ್ತಿದ್ದ. ಇಷ್ಟು ಒಂಟಿಯಾಗಿ ನಾನು ಎಲ್ಲೂ ಕಾದಿರಲಿಲ್ಲ.

ಎದುರುಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನನ್ನ ಅವ್ವನ ಗೆಳತಿ. ನಾನು ದೊಡ್ಡವ್ವ ಅನ್ನುತ್ತಿದ್ದೆ. ದಿನಾ ಎರಡು ರೊಟ್ಟಿ, ಒಂದಿಷ್ಟು ಪಲ್ಯ ತಂದು ಹೊಸ್ತಿಲ ಮೇಲಿಟ್ಟು, “ಉಣ್ಣೋ ತಮ್ಮಾ” ಎಂದು ಹೇಳಿ ಹೋಗುತ್ತಿದ್ದಳು. ಇಡೀ ದಿನದಲ್ಲಿ ನನ್ನೊಡನೆ ಆಡಿದ ಮಾತು ಅದೊಂದೇ ಆಗಿರುತ್ತಿತ್ತು.

ನಾಗರಪಂಚಮಿಗೆ ಗುತ್ತಲಕ್ಕೆ ಹೋದೆ. ಎರಡು ದಿನ ಇದ್ದೆ. ಮಗಳು ಜೋಕಾಲಿಯಿಂದ ಇಳಿದು ಬಂದು ನನ್ನ ಪಕ್ಕ ಕೂತು ಉಂಡಿ ತಿಂದಳು. “ದೀಪಾವಳಿಗೆ ಬಂದು ಕರ್ಕೊಂಡ ಹೊಕ್ಕೇನಿ” ಎಂದೆ. “ಖರೇನ?” ಎಂದಳು. “ಖರೇ” ಎಂದೆ. ಅವಳು ಓಡಿಹೋಗಿ ಗೆಳತಿಯರಿಗೆಲ್ಲ ಹೇಳಿ ಬಂದಳು. ಆ ಎರಡು ದಿನದ ಖುಷಿಯನ್ನೇ ನಾನು ಮುಂದೆ ಬಹಳ ದಿನ ಮೆಲುಕು ಹಾಕಿದೆ.

ದಸರೆ ಬಂದರೂ ಪೊಲೀಸ ಬರಲಿಲ್ಲ. ಹಾವೇರಿಯ ಕಚೇರಿಗೆ ಹೋಗಿ ವಿಚಾರಿಸಿದೆ. ಸೋಮವಾರ ಬರ್ರಿ, ಗುರುವಾರ ಬರ್ರಿ ಅಂತ ಅಡ್ಡಾಡಿಸಿದ ಮೇಲೆ ಗುಮಾಸ್ತ ಕಡತ ಬಿಚ್ಚಿದ. “ನಿಮ್ಮದು ಪಂಚಮಿ ಮರುದಿನಾನ ವಿಚಾರಣಿ ಆಗಿ ಮುಗದೈತಲ್ರಿ” ಎಂದು ಓದಿ ಹೇಳಿದ. ಅರ್ಜಿದಾರರು ಸದರಿ ಗ್ರಾಮದಲ್ಲಿ ವಾಸವಿರುವುದಿಲ್ಲ. ನೆರೆಹೊರೆಯವರಿಗೆ ಇವರ ಪರಿಚಯ ಇರುವುದಿಲ್ಲ. ಅರ್ಜಿ ಮುಕ್ತಾಯ.

ಇನ್ನೊಮ್ಮೆ ಓದಿಸಿದೆ. ಅದೇ ಇತ್ತು.

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಮುಖ ಕೊಟ್ಟು ಕೂತೆ, ಯಾರಿಗೂ ಕಾಣಬಾರದೆಂದು. ಅಳು ಬಂದಿತ್ತು. ಹುಟ್ಟಿದ ಮನೆ, ಬೆಳೆದ ಓಣಿ. ಅಲ್ಲಿ ನನ್ನ ಪರಿಚಯ ಯಾರಿಗೂ ಇಲ್ಲ. ದೂರದಲ್ಲಿದ್ದಾಗೆಲ್ಲ ಈ ಓಣಿಯನ್ನು ನೆನೆಸಿಕೊಂಡೇ ನಿದ್ದೆ ಹೋಗುತ್ತಿದ್ದೆನಲ್ಲ, ಎಂಥ ಹುಚ್ಚ ನಾನು ಎನಿಸಿತು. ರೊಟ್ಟಿ ತಂದಿಡುವ ದೊಡ್ಡವ್ವ ಕೂಡ ನಾನು ಯಾರೋ ಗೊತ್ತಿಲ್ಲ ಎಂದಿರಬೇಕು. ಹೋಗಿ ಒಂದು ಮಾತು ಕೇಳಿದ್ದರೆ ಆಗಿಹೋಗುತ್ತಿತ್ತು. ಆದರೆ ನನ್ನ ಸಿಟ್ಟು ಕೂಗಾಡಿ ಹಗುರಾಗುವ ಜಾತಿಯದಲ್ಲ, ಬಾಯಿ ಮುಚ್ಚಿ ಕೂರುವಂಥದ್ದು. ಮರುದಿನ ರೊಟ್ಟಿ ಬಂದಾಗ “ಉಂಡೇನಿ, ಬ್ಯಾಡ” ಎಂದು ಬಾಗಿಲು ಹಾಕಿಕೊಂಡೆ.

ಮತ್ತೆ ಅರ್ಜಿ ಹಾಕಿದೆ. ದೀಪಾವಳಿ ಬಂದು ಹೋಯಿತು. ಬ್ಯಾಂಕಿನವರು ಬೇರೆ ಒಬ್ಬನನ್ನು ತೆಗೆದುಕೊಂಡರು. ಗುತ್ತಲಕ್ಕೆ ಹೋಗಲು ಮುಖವಿಲ್ಲದೆ ಇನ್ನೂ ತಡವಾಗುತ್ತದೆ ಎಂದು ಒಂದು ಕಾಗದ ಬರೆದು ಹಾಕಿದೆ. ಹಬ್ಬದ ದಿನ ಎಲ್ಲ ಮನೆಗಳ ಮುಂದೆ ಹಣತೆ ಇದ್ದವು. ನಾನು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಉಂಡು ಮಲಗಿದೆ. ಐದು ತಿಂಗಳು ಓಣಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಎದುರಾದವರು ಏನಾದರೂ ಕೇಳಿದರೆ ಕತ್ತು ಆಡಿಸಿ ಮುಂದೆ ಹೋಗುತ್ತಿದ್ದೆ. ಒಬ್ಬನೇ ಇದ್ದೂ ಇದ್ದೂ, ಒಮ್ಮೊಮ್ಮೆ ಬಾಯಿ ತೆರೆದರೆ ನನ್ನ ಧ್ವನಿ ನನಗೇ ಬೇರೆಯವನದು ಅನ್ನಿಸುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಒಂದು ದಿನ ಮುಂಜಾನೆ ಸೈಕಲ್ಲಿನ ಮೇಲೆ ಒಬ್ಬ ಪೊಲೀಸ ಬಂದ. ನಾನು ಮನೆಯಲ್ಲೇ ಇದ್ದೆ. ಚಹಾ ಕೊಟ್ಟೆ. ಸೈನ್ಯದ ಕಾಗದಗಳನ್ನೆಲ್ಲ ನೋಡಿ, “ನೆರಿಮನಿಯವರು ಇಬ್ಬರನ್ನ ಕರೀರಿ, ಸಹಿ ಬೇಕು” ಎಂದ.

“ಇಲ್ಲಿ ನನ್ನ ಗುರ್ತ ಯಾರಿಗೂ ಇಲ್ರಿ. ನಿಮ್ಮ ಇಲಾಖೆಯವರ ಬರದಾರ” ಎಂದೆ.

ಅವನು ನನ್ನ ಮುಖ ನೋಡಿ, ಎದ್ದು, ತಾನೇ ಎದುರುಮನೆಗೆ ಹೋದ. ದೊಡ್ಡವ್ವ ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಅವನು ನನ್ನ ಹೆಸರು ಹೇಳಿ, ಇವರು ಎಂಥವರು ಎಂದು ಕೇಳಿದ.

“ಆ ಮನಿ ಖಾಲಿ ಐತ್ರಿ. ಮಿಲಿಟ್ರಿಗೆ ಹೋದಂವ ಈ ಕಡೆ ಹಣಿಕಿ ಹಾಕಿಲ್ಲ” ಎಂದಳು ದೊಡ್ಡವ್ವ, ಕಾಳಿನಿಂದ ಕಣ್ಣು ತೆಗೆಯದೆ.

“ಅದ ಮನ್ಯಾಗ ಈಗ ನಾ ಚಾ ಕುಡದ ಬಂದೇನಲ್ಲವಾ!”

“ಕುಡದಿರಬೇಕ್ರಿ. ಯಾರ ಕೊಟ್ಟಾರೋ ಏನೋ, ನನಗಂತೂ ಗೊತ್ತಿಲ್ಲ.”

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ನಿಂತೆ. ದೊಡ್ಡವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಒಳಗೆ ಹೋಗು, ಒಳಗೆ ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ನಾನು ಕದಲದಿದ್ದಾಗ ಪೊಲೀಸನ ಮುಂದೆ ಕೈಮುಗಿದು, “ಅಂವ ಏನೂ ಮಾಡಿಲ್ರಿ ಸಾಹೇಬ್ರ. ತಾಯಿ ತಂದಿ ಇಲ್ಲದಂವ. ಬಿಟ್ಟಬಿಡ್ರಿ” ಎಂದು ಅತ್ತೇಬಿಟ್ಟಳು.

ಆಗ ತಿಳಿಯಿತು. ನಮ್ಮ ಕಡೆ ಅದೊಂದು ರೂಢಿ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಮೋಟೆಬೆನ್ನೂರಿನ ಸುತ್ತಮುತ್ತ ಪೊಲೀಸರು ಮನೆಮನೆ ಹುಡುಕುತ್ತ ಬರುತ್ತಿದ್ದರಂತೆ. ಯಾರ ಹೆಸರು ಹಿಡಿದು ಕೇಳಿದರೂ ‘ಊರಾಗಿಲ್ಲ, ಗುರ್ತ ಇಲ್ಲ’ ಎನ್ನಬೇಕು. ದೊಡ್ಡವ್ವನ ಅತ್ತೆ ಹಾಗೆ ಹೇಳಿಯೇ ಅಟ್ಟದ ಮೇಲಿದ್ದವರನ್ನು ಉಳಿಸಿದ್ದಳಂತೆ. ಆ ಸರಕಾರ ಹೋಗಿ ಈ ಸರಕಾರ ಬಂದು ನಲವತ್ತು ವರ್ಷವಾದರೂ ಓಣಿಯವರ ಉತ್ತರ ಬದಲಾಗಿರಲಿಲ್ಲ. ಪಂಚಮಿಯ ಮರುದಿನವೂ ಇಡೀ ಓಣಿ ಒಂದೇ ಬಾಯಿಯಿಂದ ನನ್ನನ್ನು ಹೀಗೆ ಕಾಪಾಡಿತ್ತು.

“ಬಂದೂಕ ಬೇಕಾಗಿತ್ತಂದ್ರ ನನಗ ಒಂದ ಮಾತ ಹೇಳಬಾರದೇನೋ ತಮ್ಮಾ?” ಎಂದಳು ದೊಡ್ಡವ್ವ, ವಿಷಯವೆಲ್ಲ ತಿಳಿದ ಮೇಲೆ. ನಾನು ಅವಳ ಕಾಲ ಹತ್ತಿರ ಕೂತು, “ಐದ ತಿಂಗಳ ನಿನ್ನ ಕೂಡ ಮಾತಾಡಲಿಲ್ಲ ದೊಡ್ಡವ್ವ” ಎಂದೆ.

“ಪಂಚಮಿಗೆ ಪೊಲೀಸರ ಕಣ್ಣ ತಪ್ಪಿಸಿ ಹೋಗಿದ್ದಿ ಅಂತ ನಾನೂ ಆ ಮಾತ ಎತ್ತಲಿಲ್ಲ. ಅವರ ಅಂಜಿಕಿಗೆ ಬಾಯಿ ಕಟ್ಟೇತಿ ಅನಕೊಂಡಿದ್ದೆ” ಎಂದಳು. ಓಣಿಯ ಮಕ್ಕಳಿಗೂ ನನ್ನ ಹೆಸರು ಎತ್ತಬೇಡಿರಿ ಎಂದು ತಾಕೀತು ಮಾಡಿಟ್ಟಿದ್ದಳಂತೆ.

ಉಳಿದ ಕೆಲಸ ಹತ್ತು ನಿಮಿಷದ್ದು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಓಣಿಯ ಗಂಡಸರು, ಹೆಂಗಸರು ಸಾಲುಗಟ್ಟಿದರು. ಎರಡು ಸಾಕು ಎಂದು ಪೊಲೀಸ ಬೇಡಿಕೊಂಡರೂ ಕೇಳದೆ ಕಾಗದದ ಅಂಚಿನಲ್ಲೆಲ್ಲ ಸಹಿ ಹಾಕಿದರು. ವರ್ಷಪೂರ್ತಿ ತೆವಳಿದ ಕಡತ ಮುಂದೆ ಓಡುತ್ತ ಹೋಯಿತು. ಯುಗಾದಿ ಮುಗಿಯುತ್ತಿದ್ದಂತೆ ಲೈಸೆನ್ಸ್ ಬಂತು. ರಾಣೆಬೆನ್ನೂರಿನ ಹಿರಿಯರು ಬಂದೂಕು ಕೊಟ್ಟರು. ಅಲ್ಲಿಯ ಒಂದು ಬ್ಯಾಂಕಿನಲ್ಲೇ ಕೆಲಸವೂ ಸಿಕ್ಕಿತು. ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು.

ಶಾಲೆ ಸುರುವಾಗುವ ಮೊದಲೇ ಕರೆತರೋಣ ಎಂದು ಮೇ ತಿಂಗಳಲ್ಲಿ, ಈ ಸಲ ದೊಡ್ಡವ್ವನಿಗೆ ಹೇಳಿಯೇ, ಗುತ್ತಲಕ್ಕೆ ಹೋದೆ. ಅತ್ತೆ ಒಂದು ಮಾತೂ ಅಡ್ಡ ಆಡಲಿಲ್ಲ. ಮಗಳನ್ನು ಕರೆದು ಎದುರಿಗೆ ನಿಲ್ಲಿಸಿದರು. ಹುಡುಗಿ ಪಂಚಮಿಯಿಂದೀಚೆಗೆ ಉದ್ದವಾಗಿದ್ದಳು.

“ದೀಪಾವಳಿಗೆ ನಾ ಅರಿಬಿ ಗಂಟ ಕಟ್ಟಿದ್ದೆ. ಆಮ್ಯಾಲೆ ಅಜ್ಜಿ ಬಿಚ್ಚಿಟ್ಲು” ಎಂದಳು.

“ತಪ್ಪಾತವ್ವಾ. ಈಗ ಬಂದೇನಲ್ಲ, ನಡಿ.”

ಅವಳು ನೆಲ ನೋಡುತ್ತ, “ಅಲ್ಲಿ ನನ್ನ ಗುರ್ತ ಯಾರಿಗೈತಿ?” ಎಂದಳು.

ಹಾವೇರಿಯ ಕಚೇರಿಯಲ್ಲಿ ಗುಮಾಸ್ತ ಓದಿದ ಸಾಲು ಎದೆಗೆ ಹೊಡೆದಂತಾಯಿತು. ಗುರುತಿಲ್ಲದ ಊರಿನಲ್ಲಿ ಒಂಟಿಯಾಗಿರುವುದು ಎಂದರೇನು ಎಂಬುದನ್ನು ನಾನು ಐದು ತಿಂಗಳು ಉಂಡಿದ್ದೆ. ಅದನ್ನು ಈ ಕೂಸಿನ ತಲೆಗೆ ಕಟ್ಟಲೇ? “ಆತವ್ವಾ, ನೀ ಇಲ್ಲೇ ಇರು” ಎಂದು ಎದ್ದುಬಿಟ್ಟೆ. ಮಗಳು ತಟ್ಟನೆ ತಲೆ ಎತ್ತಿ ನೋಡಿದಳು. “ಇನ್ನೊಂದ ಸಲ ಕೇಳ್ರಿ” ಎಂದರು ಅತ್ತೆ ಮೆಲ್ಲಗೆ. ನಾನು ಕೇಳಲಿಲ್ಲ. ದೊಡ್ಡ ತ್ಯಾಗ ಮಾಡಿದವನಂತೆ ಬಸ್‌ಸ್ಟ್ಯಾಂಡಿಗೆ ನಡೆದೆ. ಮುಂದೆ ಅವಳು ರಜೆಗೆ ನಾಲ್ಕು ದಿನ ಬಂದು ಹೋಗುವ ಹುಡುಗಿಯಾದಳು. ಅವಳ ಮದುವೆಯೂ ಗುತ್ತಲದಲ್ಲೇ ಆಯಿತು.

ಆ ದಿನ ನಾನು ಊರಿಗೆ ಬರುವಾಗ ಇನ್ನೂ ಬಿಸಿಲಿತ್ತು. ನಮ್ಮ ಮನೆಯ ಮುಂದೆ ಯಾರೋ ಸಾರಿಸಿ ರಂಗೋಲಿ ಹಾಕಿದ್ದರು. ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಬಂದು ಕೂತಿದ್ದರು. ನನ್ನ ಮಗಳ ವಾರಿಗೆಯ ನಾಲ್ಕು ಹುಡುಗಿಯರು ತಲೆಬಾಚಿ ಹೂ ಮುಡಿದುಕೊಂಡು ಸಾಲಾಗಿ ನಿಂತಿದ್ದರು. ದೊಡ್ಡವ್ವ ಹೋಳಿಗೆ ಮಾಡಿ ಮುಚ್ಚಿಟ್ಟಿದ್ದಳು.

“ಹುಡುಗಿ ಎಲ್ಲಿ?” ಎಂದಳು, ನನ್ನ ಹಿಂದೆ ಇಣುಕಿ ನೋಡುತ್ತ.

“ಬರಲಿಲ್ಲ ದೊಡ್ಡವ್ವ. ಅಲ್ಲಿ ನನ್ನ ಗುರ್ತ ಯಾರಿಗೈತಿ ಅಂದ್ಲು.”

“ಅದಕ್ಕ ನೀ ಏನಂದಿ?”

ಅಷ್ಟೂ ಮಂದಿ ನನ್ನ ಉತ್ತರಕ್ಕೆ ಕಾಯುತ್ತ ನನ್ನ ಮುಖ ನೋಡುತ್ತಿದ್ದರು. ಮಗಳು ಬರುವುದಿಲ್ಲ ಎಂದಿರಲಿಲ್ಲ, ಒಂದು ಪ್ರಶ್ನೆ ಕೇಳಿದ್ದಳು. ನಾನು ಅದಕ್ಕೆ ಉತ್ತರ ಕೊಡದೆ, ‘ನೀ ಇಲ್ಲೇ ಇರು’ ಎಂದು ಎದ್ದು ಬಂದಿದ್ದೆ.