ಅಪ್ಪ ಉಸಿರು ತೆಗೆದುಕೊಂಡ ಜಾಗ

ನಾನು ಚಿಕ್ಕವಳಿದ್ದಾಗ ಹೊನ್ನಾಳಿಯಲ್ಲಿ ಕ್ಲಾರಿಯೊನೆಟ್ ಕೇಳಬೇಕೆಂದರೆ ಯಾರದಾದರೂ ಮದುವೆಯ ಮೆರವಣಿಗೆ ಬರಬೇಕಿತ್ತು, ಇಲ್ಲವೇ ನಾಟಕದ ಕಂಪನಿಯವರು ಬಂದು ಡೇರೆ ಹಾಕಬೇಕಿತ್ತು. ಇವೆರಡೂ ಇಲ್ಲದ ದಿನಗಳಲ್ಲಿ ಕೇಳಲು ಇನ್ನೊಂದು ಜಾಗವಿತ್ತು. ಅದು ತುಂಗಭದ್ರೆಯ ದಂಡೆ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ. ಸಂಜೆ ಒಗೆಯುವವರೆಲ್ಲ ಮನೆಗೆ ಹೋದ ಮೇಲೆ ಅಲ್ಲೊಬ್ಬರು ಕಲ್ಲಿನ ಮೇಲೆ ಕೂತು ಊದುತ್ತಿದ್ದರು. ಅವರು ನಮ್ಮಪ್ಪ.

ಅಪ್ಪನಿಗೆ ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ ಇತ್ತು. ಹಗಲೆಲ್ಲ ಗಜಕಡ್ಡಿ ಹಿಡಿದು ಪಂಚೆ, ಸೀರೆ, ಕುಪ್ಪಸದ ಬಟ್ಟೆ ಅಳೆಯುವುದೇ ಅವರ ಕೆಲಸ. ಊದುವುದನ್ನು ಅವರಿಗೆ ಕಲಿಸಿದವನು ಒಬ್ಬ ಮುದುಕ. ನಾನು ಹುಟ್ಟುವುದಕ್ಕೆ ಮೊದಲು ಒಂದು ನಾಟಕದ ಕಂಪನಿ ನಮ್ಮೂರಿಗೆ ಬಂದಿತ್ತಂತೆ. ಅದರಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ ಮುದುಕನಿಗೆ ಜ್ವರ ಹಿಡಿದು, ಕಂಪನಿ ಅವನನ್ನು ಇಲ್ಲೇ ಬಿಟ್ಟು ಮುಂದಿನ ಊರಿಗೆ ಹೋಯಿತಂತೆ. ಅವನು ನಮ್ಮ ಅಂಗಡಿ ಕಟ್ಟೆಯ ಮೇಲೆ ಮೂರು ತಿಂಗಳು ಇದ್ದ. ಅಪ್ಪ ಅವನಿಗೆ ಗಂಜಿ ಕೊಟ್ಟರು, ಅವನು ಅಪ್ಪನಿಗೆ ವಿದ್ಯೆ ಕೊಟ್ಟ. ಹೋಗುವಾಗ, ನನ್ನ ಎದೆಯಲ್ಲಿ ಇನ್ನು ಗಾಳಿ ಇಲ್ಲಪ್ಪ ಎಂದು ವಾದ್ಯವನ್ನೂ ಕೊಟ್ಟು ಹೋದ.

ಆದರೆ ಆ ವಾದ್ಯಕ್ಕೆ ನಮ್ಮ ಮನೆಯೊಳಗೆ ಜಾಗವಿರಲಿಲ್ಲ. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಬಲು ಗಟ್ಟಿ ಹೆಂಗಸು. ಅವಳು ಕೆಮ್ಮಿದರೆ ಅಂಗಳದ ಕೋಳಿಗಳೂ ಸುಮ್ಮನಾಗುತ್ತಿದ್ದವು. ಬಾಯಿಗೆ ಇಟ್ಟು ಊದುವುದೆಲ್ಲ ಅವಳ ಲೆಕ್ಕದಲ್ಲಿ ಎಂಜಲು. "ದೇವರ ಕೋಣೆ ಇರೋ ಮನಿ ಇದು. ಆ ಎಂಜಲು ಕೊಳವೆ ನಮ್ಮ ಹೊಸಿಲು ದಾಟಬಾರ್ದು" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಹಾಗಾಗಿ ಅದು ಮರದ ಪೆಟ್ಟಿಗೆಯಲ್ಲಿ, ಕೊಟ್ಟಿಗೆಯ ಗೂಡಿನಲ್ಲಿ, ಹಸುವಿನ ಹಗ್ಗದ ಪಕ್ಕದಲ್ಲಿ ಇರುತ್ತಿತ್ತು. ಅಪ್ಪ ಎಂದೂ ಎದುರು ಮಾತಾಡಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಬಂದ ಅಪ್ಪನ ಹಿಂದೆ ಅಕ್ಕ ಮತ್ತು ನಾನು ಹೊಳೆಗೆ ಹೋಗುತ್ತಿದ್ದೆವು. ಪೆಟ್ಟಿಗೆ ಹೊರುವುದು ನನ್ನ ಹಕ್ಕು. ಅದರಲ್ಲಿ ಐದು ಕರೀ ತುಂಡುಗಳು. ಒಂದಕ್ಕೊಂದು ಸೇರಿಸುವ ಕಡೆ ಅಪ್ಪ ನೂಲು ಸುತ್ತಿ ಮೇಣ ಹಚ್ಚಿದ್ದರು. ಆ ಮೇಣದ ವಾಸನೆ, ಒದ್ದೆ ಮರಳಿನ ವಾಸನೆ, ಒಣಗಿದ ಸಾಬೂನಿನ ವಾಸನೆ ಮೂರೂ ಸೇರಿ ಮೂಗಿಗೆ ಬರುತ್ತಿದ್ದವು. ಅಪ್ಪ ತೆಳ್ಳನೆಯ ಬೆತ್ತದ ಪಟ್ಟಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಊದುವ ತುದಿಗೆ ಕಟ್ಟಿ, ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಬರುತ್ತಿದ್ದ ಆ ದನಿ! ಬೆಲ್ಲದ ಪಾಕದ ಹಾಗೆ ಮಂದವಾಗಿ, ನೀರಿನ ಮೇಲೆ ಹರಡಿಕೊಂಡು, ಆಚೆ ದಂಡೆಯವರೆಗೂ ಹೋಗುತ್ತಿತ್ತು. ನೀರಿನಲ್ಲಿ ಕೂತ ಎಮ್ಮೆಗಳು ಕಿವಿ ನಿಗುರಿಸುತ್ತಿದ್ದವು. ಹರಿಗೋಲಿನವನು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಿದ್ದ, ಹರಿಗೋಲು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಾ ತೇಲುತ್ತಿತ್ತು. ಆಕಾಶ ಯಾವುದು, ಹೊಳೆ ಯಾವುದು ಎಂದು ನನಗೆ ಗೊತ್ತಾಗದ ಹೊತ್ತು ಅದು.

ಅಪ್ಪನಿಗೆ ಬರುತ್ತಿದ್ದದ್ದು ಮೂರೇ ಮೂರು. ಮುದುಕ ಕಲಿಸಿದ ಎರಡು ನಾಟಕದ ಮಟ್ಟುಗಳು, ಮತ್ತೆ ಅವ್ವ ಹಾಡುತ್ತಿದ್ದ ಒಂದು ಜೋಗುಳ. ಅಕ್ಕ ತೊಟ್ಟಿಲಲ್ಲಿದ್ದಾಗ ಅವ್ವನ ಬಾಯಿಂದ ಕೇಳಿ ಕೇಳಿ ಅಪ್ಪ ತಾವೇ ಹುಡುಕಿಕೊಂಡು ಊದಿದ್ದು ಅದು. ಆ ಜೋಗುಳದ ಎರಡನೆಯ ಸಾಲು ಬಹಳ ಉದ್ದ. ಅಪ್ಪನಿಗೆ ನಡುವೆಯೇ ಉಸಿರು ಮುಗಿದುಹೋಗುತ್ತಿತ್ತು. ಅಲ್ಲಿ ಗಕ್ಕನೆ ನಿಂತು, ಒಮ್ಮೆ ಉಸಿರೆಳೆದುಕೊಂಡು, ಮತ್ತೆ ಮುಂದುವರಿಸುತ್ತಿದ್ದರು. ಅಕ್ಕ ದಿನಾ ಅದನ್ನೇ ಊದಿಸುತ್ತಿದ್ದಳು. ಅಪ್ಪ ನಿಂತಾಗ ಅವಳೂ ಉಸಿರು ಹಿಡಿದು ನಿಲ್ಲುತ್ತಿದ್ದಳು.

ನನಗೆ ಏಳು ವರ್ಷವಾಗಿದ್ದಾಗ ಅಕ್ಕನ ಮದುವೆ ಗೊತ್ತಾಯಿತು. ಗಂಡು ನ್ಯಾಮತಿಯವರು. ಯುದ್ಧದ ಕಾಲ, ಬಟ್ಟೆಗೂ ರೇಷನ್ನು, ಬಟ್ಟೆ ಅಂಗಡಿಯವರ ಮಗಳಿಗೇ ಒಂದು ಒಳ್ಳೆಯ ಸೀರೆ ಸಿಗುವುದು ಕಷ್ಟವಾಗಿತ್ತು. ಅಕ್ಕ ಸೀರೆಯನ್ನೂ ಕೇಳಲಿಲ್ಲ, ಒಡವೆಯನ್ನೂ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ. "ನನ್ನ ಮದುವ್ಯಾಗೆ ಅಪ್ಪ ಒಂದು ಸಲ ಊದಲಿ ಅಜ್ಜಿ. ನ್ಯಾಮತಿಗೆ ಹೋದ ಮೇಲೆ ನಂಗೆ ಅದೆಲ್ಲಿ ಕೇಳಾಕೆ ಸಿಗ್ತೈತೆ?"

ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಹೆಣ್ಣಿನ ಅಪ್ಪ ಕೊಳವೆ ಹಿಡಕೊಂಡು ಬೀದ್ಯಾಗೆ ನಿಂತ್ರೆ ಬೀಗರು ಏನಂತಾರೆ? ಊದಾಕೆ ಬ್ಯಾಂಡಿನೋರು ಬರ್ತಾರೆ. ಸುಮ್ಕಿರು" ಎಂದಳು. ಅಲ್ಲಿಗೆ ಮುಗಿಯಿತು. ಅಕ್ಕ ಅಂದಿನಿಂದ ಬಡವಾಗುತ್ತಾ ಬಂದಳು. ಹೊಳೆಗೂ ಬರಲಿಲ್ಲ.

ದಿಬ್ಬಣ ಬರುವ ದಿನ ಬೆಳಿಗ್ಗೆ ಅಕ್ಕ ಒಂದು ತುತ್ತೂ ತಿನ್ನಲಿಲ್ಲ. ಅವ್ವ ಹಾಲು ತಂದರೂ ಬೇಡ, ಅವಲಕ್ಕಿ ತಂದರೂ ಬೇಡ. ಕೈಗೆಲ್ಲ ಅರಿಸಿನ ಹಚ್ಚಿಕೊಂಡು ಕಿಟಕಿಯ ಹತ್ತಿರ ಗೋಡೆ ನೋಡುತ್ತಾ ಕೂತಿದ್ದಳು. ಮನೆ ತುಂಬ ಜನ, ಒಗ್ಗರಣೆಯ ಘಾಟು, ಚಪ್ಪರದ ಹಸಿ ಮಾವಿನೆಲೆಯ ವಾಸನೆ. ಅಕ್ಕ ಮಾತ್ರ ಯಾವುದರ ಕಡೆಗೂ ತಿರುಗಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಂಡಿನವರು ಬಂದರು. ಡೋಲಿನವರು ಇಬ್ಬರು, ತಾಳದವನು ಒಬ್ಬ, ಮತ್ತೆ ಕ್ಲಾರಿಯೊನೆಟ್ ಮಾಸ್ತರು. ಅವರ ಕೆಂಪು ಕೋಟಿಗೆ ಹಿತ್ತಾಳೆ ಗುಂಡಿಗಳು, ತಲೆಗೆ ಅಂಚುಪಟ್ಟಿಯ ಟೋಪಿ, ಬಿಳೀ ಮೀಸೆ. ಊಟವಾದ ಮೇಲೆ ಅವರಿಗೆ ಎಲೆ ಅಡಿಕೆ ಕೊಡುವ ಕೆಲಸ ನನಗೆ ಬಂತು. ನಾನೇ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ದೊಡ್ಡದೊಂದು ಬೀಡ ಮಾಡಿ ಮಾಸ್ತರಿಗೆ ಕೊಟ್ಟೆ. ಒಂದೇ ಸಲಕ್ಕೆ ಬಾಯಿಗೆ ಹಿಡಿಸದಷ್ಟು ದೊಡ್ಡದು. ಅವರು ಅದನ್ನು ಮುಂದಿನ ಹಲ್ಲಿನಿಂದ ಕಚ್ಚಿ ಎರಡು ಮಾಡಲು ಹೋದರು. ಕಟಕ್ ಎಂದಿತು.

ಒಳಗಿದ್ದದ್ದು ಕತ್ತರಿಸಿದ ಅಡಿಕೆಯಲ್ಲ, ಇಡೀ ಗೋಟಡಿಕೆ. ಚೆನ್ನಾಗಿ ಒಣಗಿದ ಗೋಟು ಎಂದರೆ ಹೊಳೆಯ ಬೆಣಚುಕಲ್ಲು ಎಂದೇ ತಿಳಿಯಿರಿ. ಮಾಸ್ತರು ಬಾಯಿಗೆ ಕೈ ಹಿಡಿದರು. ಕೈ ತೆಗೆದಾಗ ಅಂಗೈಯಲ್ಲಿ ಒಂದು ಹಲ್ಲಿತ್ತು, ಬಿಳೀ ಮೀಸೆ ಕೆಂಪಾಗಿತ್ತು. ಕ್ಲಾರಿಯೊನೆಟ್ ಊದುವವರು ಮೇಲಿನ ಮುಂದಿನ ಹಲ್ಲುಗಳನ್ನು ಅದರ ತುದಿಗೆ ಊರಿಕೊಂಡೇ ಊದಬೇಕು. ಆ ಹಲ್ಲೇ ಹೋದರೆ ಇನ್ನೇನು?

ಅಯ್ಯಯ್ಯೋ, ಆಮೇಲಿನ ರಂಪ ಕೇಳಬೇಡಿ. ಅಷ್ಟರಲ್ಲಿ ಒಬ್ಬ ಓಡಿ ಬಂದು, ಗಾಡಿಗಳು ಊರ ಬಾಗಿಲಿಗೆ ಬಂದವು ಎಂದ. ಅಜ್ಜಿ, ಬರೀ ಡೋಲು ಬಡಿದುಕೊಂಡೇ ಎದುರುಗೊಳ್ಳಿರಿ ಎಂದಳು. ಡೋಲಿನವನು ತಲೆ ಕೆರೆದುಕೊಂಡ. "ಊದೋರಿಲ್ದೆ ಬರೀ ಡೋಲು ಬಡಿದ್ರೆ ಹೆಣದ ಮುಂದೆ ಹೋದಂಗಾಗ್ತೈತಮ್ಮ" ಎಂದ. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು. ಆಗ ಮಾಸ್ತರು ಬಾಯಿಗೆ ಬಟ್ಟೆ ಒತ್ತಿಕೊಂಡೇ ಹೇಳಿದರು, "ನಿಮ್ಮ ಮಗ ಊದ್ತಾರಲ್ರೀ. ಹೋದ ಸಲ ಬಂದಾಗ ಹೊಳಿ ದಾಟ್ತಾ ನಾನೇ ಕೇಳೀನಿ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. ಅಜ್ಜಿ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಆ ಕೋಟು, ಟೋಪಿ ಹಾಕ್ಕೊಂಡು ಹೋಗು. ಬೀಗರಿಗೆ ಗುರ್ತು ಸಿಗಬಾರ್ದು. ಅವರ ಕಾಲಿಗೆ ನೀರು ನಿನ್ನ ತಮ್ಮ ಕೊಡ್ತಾನೆ" ಎಂದಳು. ಆಮೇಲೆ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಕ್ಕನ ಕೋಣೆಯಲ್ಲಿ ಕೂರಿಸಿದಳು. "ಇಲ್ಲಿಂದ ಅಲ್ಲಾಡಿದ್ರೆ ನೋಡು, ನಿನ್ನ ಹಲ್ಲೂ ಉದುರಿಸ್ತೀನಿ!"

ಹಾಗಾಗಿ ನಾನು ಮೆರವಣಿಗೆಯಲ್ಲಿ ಇರಲಿಲ್ಲ. ಅಕ್ಕನ ಪಕ್ಕ ಕೂತು ಕೇಳಿದೆ. ಇಳಿಬಿಸಿಲು ಕಿಟಕಿಯ ಸರಳಿನ ನಡುವೆ ಬಂದು ಅಕ್ಕನ ಅರಿಸಿನದ ಕೈಮೇಲೆ ಬಿದ್ದಿತ್ತು. ದೂರದಲ್ಲಿ ಡೋಲು ಕೇಳಿಸಿತು. ಆಮೇಲೆ ಕ್ಲಾರಿಯೊನೆಟ್. ಮೊದಲು ಒಂದು ನಾಟಕದ ಮಟ್ಟು, ಆಮೇಲೆ ಇನ್ನೊಂದು. ಅಕ್ಕ ಅಲ್ಲಾಡಲಿಲ್ಲ. ಬೀದಿ ಉದ್ದ, ಅಪ್ಪನ ಸರಕು ಎರಡೇ ತಿರುವಿಗೆ ಮುಗಿಯಿತು. ಸ್ವಲ್ಪ ಹೊತ್ತು ಬರೀ ಡೋಲು.

ಆಗ ಜೋಗುಳ ಶುರುವಾಯಿತು.

ಮದುಮಗನನ್ನು ಜೋಗುಳ ಊದಿ ಊರೊಳಗೆ ಕರೆತಂದವರು ನಮ್ಮಪ್ಪ ಒಬ್ಬರೇ ಇರಬೇಕು! ಡೋಲಿನವರು ಬೇರೆ ದಾರಿ ಕಾಣದೆ ತೊಟ್ಟಿಲು ತೂಗುವ ಲಯಕ್ಕೆ ಇಳಿದರು. ಎತ್ತುಗಳು ನಡಿಗೆ ನಿಧಾನ ಮಾಡಿದವಂತೆ, ಗಂಟೆಗಳು ಅದೇ ಲಯಕ್ಕೆ ತೂಗಿದವು. ಇಡೀ ದಿಬ್ಬಣ ಧೂಳಿನಲ್ಲಿ, ಹೊಂಬಿಸಿಲಿನಲ್ಲಿ, ಕನಸಿನಲ್ಲಿ ನಡೆದ ಹಾಗೆ ಬಂತಂತೆ. ಗಾಡಿಯಲ್ಲಿದ್ದ ಕೂಸುಗಳೆಲ್ಲ ನಿದ್ದೆ ಹೋದವು ಎಂದು ಆಮೇಲೆ ಹೆಂಗಸರು ಹೇಳಿ ಹೇಳಿ ನಕ್ಕರು. ಎರಡನೆಯ ಸಾಲು ಬಂತು. ಅಪ್ಪ ಅಲ್ಲೇ ನಿಂತರು. ಅಕ್ಕ ಉಸಿರು ಹಿಡಿದಳು. ನಾನೂ ಹಿಡಿದೆ. ಆಮೇಲೆ ದನಿ ಮುಂದುವರಿಯಿತು.

ಅಷ್ಟು ಹೊತ್ತಿಗೆ ಅಜ್ಜಿ ಕೋಣೆಗೆ ಬಂದಿದ್ದಳು. "ಜೋಗುಳ ಊದ್ತಾನಲ್ಲೇ ಮಂಕು!" ಎಂದು ಬೈಯಲು ಬಾಯಿ ತೆಗೆದವಳು ಅಕ್ಕನನ್ನು ನೋಡಿ ಹತ್ತಿರ ಬಂದಳು. ಅಕ್ಕನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ಅಜ್ಜಿ, ನಂಗೆ ಹಸಿವಾಗ್ತೈತೆ" ಎಂದಳು. ಅಜ್ಜಿ ತಾನೇ ಹೋಗಿ ಹಾಲು ಅವಲಕ್ಕಿ ತಂದು, ತಾನೇ ತಿನ್ನಿಸಿದಳು.

ದಿಬ್ಬಣ ಬಾಗಿಲಿಗೆ ಬಂದು ನಿಂತಿತು. ಅಜ್ಜಿ ಹೊಸಿಲಿನ ಮೇಲೆ ನಿಂತಿದ್ದಳು. ನಾನೂ ಕೋಣೆಯಿಂದ ಮೆಲ್ಲಗೆ ಎದ್ದು ಬಂದು ಅವಳ ಸೆರಗಿನ ಹಿಂದೆ ನಿಂತೆ. ಗಂಡಿನ ಸೋದರಮಾವ ಜಗಳೂರು ಸೀಮೆಯ ಬಿಳಿಚೋಡಿನವರು, ಅಪ್ಪನನ್ನು ಹಿಂದೆಂದೂ ನೋಡಿದವರಲ್ಲ. ಅವರು ಕೆಂಪು ಕೋಟಿನ ಭುಜದ ಮೇಲೆ ಕೈಯಿಟ್ಟು, "ಏನಪ್ಪಾ, ಕಣ್ಣಾಗೆ ನೀರು ತರಿಸಿಬಿಟ್ಯಲ್ಲೋ. ನನ್ನ ಮಗಳ ಮದುವಿಗೂ ಬಂದು ಊದ್ತೀಯೇನು?" ಎಂದು ಕೇಳಿದರು. ಟೋಪಿಯ ಕೆಳಗೆ ಅಪ್ಪನ ಮುಖ ಬೆವೆತುಹೋಯಿತು. ಈಗ ಗುಟ್ಟು ರಟ್ಟಾದರೆ ಬೀಗರು ಏನಂತಾರೆ?

"ಅವನು ಬ್ಯಾಂಡಿನೋನಲ್ಲ ರೀ" ಎಂದಳು ಅಜ್ಜಿ, ಇಡೀ ಬೀದಿಗೆ ಕೇಳುವ ಹಾಗೆ. "ಹೆಣ್ಣಿನ ಅಪ್ಪ ಅವನು. ನನ್ನ ಮಗ."

ಬಿಳಿಚೋಡಿನ ಮಾವ ಸರ್ರನೆ ಕೈ ತೆಗೆದರು. ಅಪ್ಪನ ಮುಖ ನೋಡಿದರು. ಆಮೇಲೆ ತಮ್ಮ ಹೆಗಲ ಮೇಲಿನ ಹೊಸ ಶಲ್ಯ ತೆಗೆದು ಅಪ್ಪನಿಗೆ ಹೊದಿಸಿ, "ಹಂಗಾದ್ರೆ ಕಾಲಿಗೆ ನೀರು ನಿಮ್ಮ ಕೈಲೇ ಆಗಬೇಕು ಬೀಗರೇ" ಎಂದರು. ಅಪ್ಪ ನೀರು ಕೊಟ್ಟರು. ಬೀಗರೆಲ್ಲ ಒಳಗೆ ಹೋದರು. ಅಪ್ಪ ಮಾತ್ರ ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಕೊಟ್ಟಿಗೆಯ ಕಡೆ ಹೊರಟರು.

"ಎಲ್ಲಿಗೆ ಹೋಗ್ತೀಯೋ?" ಅಜ್ಜಿ ಗದರಿದಳು. "ಅದನ್ನ ತಗೊಂಡೇ ಒಳಗೆ ಬಾ."

ಅಪ್ಪ ಹೊಸಿಲು ದಾಟುವಾಗ ಎಡವಿದರು. ಅಷ್ಟು ದೊಡ್ಡವರು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮಾರನೆಯ ದಿನ ಮದುವೆ ಮುಗಿದು ಹೊರಡುವಾಗ ಮಾಸ್ತರು ಅಪ್ಪನನ್ನು ಪಕ್ಕಕ್ಕೆ ಕರೆದು, ಆ ಎರಡನೇ ಸಾಲಿನ ನಡುವೆ ಉಸಿರು ತೆಗೆದುಕೊಳ್ಳಬಾರದು, ಮೂಗಿನಿಂದ ಹೀಗೆ ಕದ್ದು ಎಳೆದುಕೊಳ್ಳಬೇಕು ಎಂದು ತೋರಿಸಿಕೊಟ್ಟರು. ಅವರು ಕಸುಬಿನವರು, ಅವರಿಗೆ ಗೊತ್ತು. ಅಪ್ಪ ಹಾಗೆಯೇ ಕಲಿಯಲು ಹೋದರು. ಗಾಡಿ ಹತ್ತುತ್ತಿದ್ದ ಅಕ್ಕ ತಿರುಗಿ, "ಬ್ಯಾಡಪ್ಪ. ಅಲ್ಲಿ ನಿಂತ್ರೇನೇ ಅದು ನಿಂದು" ಎಂದಳು. ಅಪ್ಪ ಮುಂದೆಂದೂ ಅದನ್ನು ತಿದ್ದಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ ಮಕ್ಕಳೇ, ನಿಮ್ಮ ಅಮ್ಮನಿಗೆ ಹೇಳಬೇಡಿ. ಆ ಗೋಟಡಿಕೆ ಕೈತಪ್ಪಿ ಹೋದದ್ದಲ್ಲ. ಬೇಕೆಂದೇ ಇಟ್ಟಿದ್ದೆ. ಬಾಯಲ್ಲಿ ಗೋಟು ಇದ್ದರೆ ಸಂಜೆಯವರೆಗೂ ಅಗಿಯುತ್ತಾ ಕೂರುತ್ತಾರೆ, ಅಷ್ಟರಲ್ಲಿ ಅಪ್ಪ ಊದಲಿ ಎಂದು ನನ್ನ ಪುಟ್ಟ ತಲೆಗೆ ಹೊಳೆದಿತ್ತು. ಹಲ್ಲು ಹೋಗುತ್ತದೆ ಎಂದು ದೇವರಾಣೆ ಗೊತ್ತಿರಲಿಲ್ಲ. ಮಾಸ್ತರಿಗೆ ಮಾತ್ರ ಅಳುತ್ತಾ ಹೇಳಿದೆ. ಅವರು ಹಲ್ಲು ಹೋದ ಬಾಯಲ್ಲಿ ನಕ್ಕು, "ಅದು ಹೆಂಗೂ ಅಲ್ಲಾಡ್ತಿತ್ತು ಬಿಡವ್ವ" ಎಂದರು. ನಿಜವೋ, ನನ್ನ ಸಮಾಧಾನಕ್ಕೋ, ಇವತ್ತಿಗೂ ಗೊತ್ತಿಲ್ಲ. ಗೋಟಡಿಕೆ ಕಂಡರೆ ಈಗಲೂ ಪಕ್ಕಕ್ಕೆ ಸರಿಸಿಬಿಡುತ್ತೇನೆ.

ಈಗ ನಿಮಗೆ ಹಾಡು ಬೇಕೆಂದರೆ ಬೆರಳು ಒತ್ತಿದರಾಯಿತು. ಹೊಳೆಗೆ ಹೋಗುವುದು ಬೇಡ, ಮದುವೆಗೆ ಕಾಯುವುದು ಬೇಡ. ಚೆನ್ನಾಗಿಯೇ ಕೇಳಿಸುತ್ತದೆ, ನಾನೂ ಕೇಳುತ್ತೇನೆ. ಆದರೆ ಆ ಫೋನಿಗೆ ಉಸಿರು ಕಟ್ಟುವುದಿಲ್ಲ ನೋಡಿ, ಎಲ್ಲೂ ನಿಲ್ಲುವುದಿಲ್ಲ. ಅಕ್ಕ ನ್ಯಾಮತಿಯಲ್ಲಿ ತನ್ನ ಐದು ಮಕ್ಕಳಿಗೂ ಆ ಜೋಗುಳ ಹಾಡಿದಳು, ಎರಡನೆಯ ಸಾಲಿನ ನಡುವೆ ನಿಂತು. ನಾನು ನಿಮ್ಮ ಅಮ್ಮನಿಗೆ ಹಾಡಿದ್ದೂ ಹಾಗೆಯೇ, ಅವಳು ನಿಮಗೆ ಹಾಡಿದ್ದೂ ಹಾಗೆಯೇ. ಅಪ್ಪನೂ ಇಲ್ಲ, ಅಕ್ಕನೂ ಇಲ್ಲ. ಆ ಕರೀ ವಾದ್ಯದ ಮರ ಸೀಳು ಬಿಟ್ಟು ಎಷ್ಟೋ ವರ್ಷವಾಯಿತು.

ನಿನ್ನೆ ಮಧ್ಯಾಹ್ನ, ನಿಮ್ಮೆಲ್ಲರಿಗಿಂತ ಚಿಕ್ಕವಳು ನಮ್ಮ ಪುಟ್ಟಿ, ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ಹಾಡುತ್ತಿದ್ದಳು. ನಾನು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಎರಡನೆಯ ಸಾಲು ಬಂತು. ಅವಳು ಅಲ್ಲೇ ನಿಂತು, ಒಮ್ಮೆ ಉಸಿರೆಳೆದುಕೊಂಡು, ಮತ್ತೆ ಮುಂದುವರಿಸಿದಳು. ಯಾಕೆ ನಿಂತೆ ಎಂದು ಕೇಳಿದೆ. "ಅಲ್ಲಿ ನಿಲ್ಲಬೇಕು ಅಜ್ಜಿ, ಹಾಡು ಇರೋದೇ ಹಾಗೆ" ಎಂದಳು.