ಬಿ ಗುಂಪಿನ ರಕ್ತ, ಅಕ್ಕ ಕೇಳಿದ ಪ್ರಶ್ನೆ

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ರಕ್ತದ ಗುಂಪು ಪರೀಕ್ಷಿಸುವ ಕೆಲಸಕ್ಕಿದ್ದೆ. ಗಾಜಿನ ಪಟ್ಟಿಯ ಮೇಲೆ ಸೀರಮ್ಮಿನ ಹನಿಗೆ ರಕ್ತ ಬೆರೆಸಿ, ಮೆಲ್ಲಗೆ ಓಲಾಡಿಸಿ, ಅದು ಗಂಟುಗಂಟಾಗುತ್ತದೋ ಇಲ್ಲವೋ ನೋಡಬೇಕು. ಧಾರವಾಡದಿಂದ ಬಂದ ನಮ್ಮ ಮನೆತನದಲ್ಲಿ ಸಂಬಳಕ್ಕೆ ದುಡಿದ ಹೆಣ್ಣುಮಕ್ಕಳ ಪೈಕಿ ನಾನು ಎರಡನೆಯವಳು. ಮೊದಲನೆಯವಳು ಅಕ್ಕ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಕಾಯಿಲೆಯಿಂದಾಗಿ ಬಿಡಬೇಕಾಯಿತು.

ಅವಳದು ಮನಸ್ಸಿನ ಕಾಯಿಲೆ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಒಂದು ದಿನ ಎದ್ದವಳು ವಾರವಿಡೀ ಬಿಡುವಿಲ್ಲದೆ ಮಾತಾಡುತ್ತ, ಮನೆಯ ಪಾತ್ರೆಯೆಲ್ಲ ಅಂಗಳಕ್ಕೆ ತಂದು ತಿಕ್ಕುತ್ತಿದ್ದಳು. ನಡುನಡುವೆ ಸರಿಯಾಗಿಯೇ ಇರುತ್ತಿದ್ದಳು. ಅದು ರಕ್ತದಲ್ಲೇ ಬಂದದ್ದೆಂದು ನಮ್ಮ ಸೋದರತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ನಮ್ಮ ಆಸ್ಪತ್ರೆಯ ಡಾಕ್ಟರು ಬೆಳಗಾವಿ ಕಡೆಯವರು. ಈ ಕಾಯಿಲೆಯೂ ರಕ್ತದ ಗುಂಪೂ ಜೊತೆಜೊತೆಗೇ ಇಳಿದುಬರುತ್ತವೆಯೇ ಎಂಬ ವಿಚಾರ ಅವರ ತಲೆ ಹೊಕ್ಕಿತ್ತು. ಇಂಥ ರೋಗಿಗಳ ರಕ್ತವನ್ನು ನನ್ನಿಂದ ನೋಡಿಸಿದರು. ಬಹಳ ಮಂದಿಯದು ಬಿ ಗುಂಪು. ಅಕ್ಕನದೂ ಬಿ, ನನ್ನದೂ ಬಿ. ಡಾಕ್ಟರು ಹಿಗ್ಗಿದರು, ನಾನು ಆ ಕಾಯಿಲೆ ನನಗೂ ಬರುವುದೇನೋ ಎಂದು ಹೆದರಿದೆ.

ನಾಲ್ಕು ದಿನ ಮುಚ್ಚಿಟ್ಟು ಕಡೆಗೆ ಅಕ್ಕನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಯಾರ ಯಾರ ರಕ್ತ ನೋಡಿದಿರೆಂದು ಕೇಳಿದಳು. ಮರುದಿನ ನನ್ನ ಜೊತೆ ಆಸ್ಪತ್ರೆಗೆ ಬಂದು ಡಾಕ್ಟರ ಎದುರು ನಿಂತಳು.

"ಜಡ್ಡಿನವರ ರಕ್ತ ಅಷ್ಟ ನೋಡೀರಿ," ಎಂದಳು. "ಚೊಲೋ ಇದ್ದವರೊಳಗ ಬಿ ಎಷ್ಟ ಮಂದಿ ಅದಾರ, ನೋಡೀರೇನ್ರಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ತಾವು ಹೋಲಿಸಿದ್ದು ವಿಲಾಯತಿಯ ಪುಸ್ತಕದಲ್ಲಿದ್ದ ಲೆಕ್ಕಕ್ಕೆ ಎಂದರು. ಅಲ್ಲಿನ ಜನರಲ್ಲಿ ಬಿ ಕಡಿಮೆ. ಅಕ್ಕ ತಾನು ಕೇಳಿದ್ದು ಪುಣೆಯವರ ಮಾತೆಂದಳು.

ಹೀಗೆ, ಈ ಸಲ ಆರೋಗ್ಯವಂತರನ್ನೂ ಸೇರಿಸಿಕೊಂಡು, ಮತ್ತೆ ಕೆಲಸ ಶುರುವಾಯಿತು. ಆಸ್ಪತ್ರೆ ಎದುರಿನ ಉಡುಪಿಯವರ ಹೋಟೆಲಿನ ಮಂದಿ ಬಂದರು, ಹತ್ತಿರದ ದೌಂಡ್ ಜಂಕ್ಷನ್ನಿನಿಂದ ರೈಲ್ವೆಯವರು ಬಂದರು. ಯಾರ ರಕ್ತವೆಂದು ನನಗೆ ತಿಳಿಯಬಾರದೆಂದು ಅಕ್ಕನೇ ಸೀಸೆಗಳಿಗೆ ಬರೀ ನಂಬರು ಬರೆದು ಕೊಟ್ಟಳು. ಎಲ್ಲ ಮುಗಿದ ಮೇಲೆ ನೋಡಿದರೆ, ಬಿ ಗುಂಪು ನಮ್ಮ ಜನರಲ್ಲೇ ಧಾರಾಳ. ರೋಗಿಗಳಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಈ ಬಗ್ಗೆ ಬರೆದಿಟ್ಟಿದ್ದ ಲೇಖನಕ್ಕೆ ತಾವೇ ಅಡ್ಡಗೀಟು ಎಳೆದರು. ನಂತರ ಅಕ್ಕನಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಮುಂದೆ ಏನು ನೋಡಬೇಕೆಂದು ಅವಳನ್ನೇ ಕೇಳಿದರು.

ಮರುವರ್ಷ ಅಕ್ಕ ಮತ್ತೆ ಹಾಸಿಗೆ ಹಿಡಿದಳು. ಸೋದರತ್ತೆ ನೆಂಟರ ಮುಂದೆ ರಕ್ತದಲ್ಲೇ ಬಂದದ್ದೆಂಬ ಹಳೆಯ ಮಾತೆತ್ತಿದಾಗ, ಹಿರಿಯರಿಗೆ ಎಂದೂ ಎದುರಾಡದ ನಾನು ಬಾಯಿ ತೆರೆದೆ.

"ಅಕ್ಕಗ ಜಡ್ಡು ಅದ, ಖರೇ ಅತ್ಯಾ. ಆದ್ರ ಡಾಕ್ಟರಿಗೆ ಹೊಳೀಲಾರದ್ದು ಆಕಿಗೆ ಹೊಳೀತು."