ಗಡಿಯಾರದ ಗಾಜಿನ ಮೇಲಿನ ಹೆಸರು

ನ್ಯಾಮತಿಯ ವಾಚನಾಲಯ ನೋಡಿಕೊಳ್ಳುತ್ತಿದ್ದವರು ಯಾವ ಮಾತಿಗೂ "ನಮಗ್ಯಾಕೆ ಬೇಕ್ರಿ" ಅನ್ನುತ್ತಿದ್ದರು. ಪ್ರತಿ ಸೋಮವಾರ ಸ್ಟೂಲು ಹತ್ತಿ, ಪಂಚೆಯ ಚುಂಗಿನಿಂದ ಗೋಡೆಗಡಿಯಾರದ ಗಾಜು ಒರೆಸಿ ಕೀ ಕೊಡುತ್ತಿದ್ದರು. ಕುವೈತಿನಲ್ಲಿದ್ದ ಅವರ ತಮ್ಮ, ಅಪ್ಪನ ನೆನಪಿಗೆ ವಾಚನಾಲಯಕ್ಕೆ ಕೊಟ್ಟ ಗಡಿಯಾರ ಅದು. ಗಾಜಿನ ಮೇಲೆ ಅಪ್ಪನ ಹೆಸರು, ಕೆಳಗೆ ತಮ್ಮನದು.

ತುರ್ತುಪರಿಸ್ಥಿತಿಯಲ್ಲಿ ವಿದೇಶಿ ದೇಣಿಗೆಗೆ ಕಡಿವಾಣ ಹಾಕುವ ಕಾಯ್ದೆ ಬಂತು. ಹೊರದೇಶದಲ್ಲಿರುವ ನಮ್ಮವರಿಗೂ ಅದು ತಟ್ಟುತ್ತದೆಯೇ ಎಂದು ಯಾರನ್ನೂ ಕೇಳದೆ, ಅವರು ಹೆದರಿ ಬ್ಲೇಡಿನಿಂದ ಎರಡೂ ಹೆಸರು ಕೆರೆದುಬಿಟ್ಟರು.

ರಜೆಗೆ ಬಂದ ತಮ್ಮ ಗಡಿಯಾರ ನೋಡಿ ನಿಂತ. "ನನ್ನ ಪಾಸ್‌ಪೋರ್ಟು ಈ ದೇಶದ್ದೇ ಐತೆ. ಹೋಗ್ಲಿ, ಅಪ್ಪ ಹೊನ್ನಾಳಿ ತಾಲ್ಲೂಕು ಬಿಟ್ಟು ಆಚೆ ಹೋದೋನಲ್ಲ. ಅವನ ಹೆಸರ್ಯಾಕೆ ಕೆರೆದೆ ಅಣ್ಣಾ?"

ಅವರು ಕೀ ತಿರುಗಿಸುತ್ತಲೇ ಇದ್ದರು. ಪೇಪರ್ ಹಿಡಿದು ಕೂತಿದ್ದ ನಾವು ನಾಲ್ವರು, ನಮಗ್ಯಾಕೆ ಬೇಕು ಅಂತ, ತಲೆ ಎತ್ತಲಿಲ್ಲ.